ತೆರೆಯ ಮೇಲಿನ ನೆರೆಯವಳು



ಧಾರಾವಾಹಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಚಾಕು ಹಾಕುತ್ತಾನೆ. ರಕ್ತ ಹರಿಯುತ್ತದೆ, ನೋಡುತ್ತಿರುವ ನಮ್ಮ ಎದೆ ಝಲ್ಲೆನ್ನುತ್ತದೆ. ನಿರ್ದೇಶಕ ‘ಕಟ್’ ಎಂದ ಕೂಡಲೇ ಸತ್ತವನು ಎದ್ದು ಚಹಾ ಕುಡಿಯಲು ಹೋಗುತ್ತಾನೆ. ಚಾಕು ಸುಳ್ಳು, ರಕ್ತ ಸುಳ್ಳು, ಸಾವೂ ಸುಳ್ಳು. ಆದರೆ ಒಬ್ಬ ಹುಡುಗಿಯನ್ನು ಬೆತ್ತಲೆ ತೋರಿಸುವ ದೃಶ್ಯದಲ್ಲಿ ಆ ಬೆತ್ತಲೆ ಸುಳ್ಳಲ್ಲ. ಬಟ್ಟೆ ಕಳಚಿದ್ದು ನಿಜ, ಕ್ಯಾಮೆರಾ ಸುತ್ತ ನಿಂತವರ ಕಣ್ಣುಗಳು ನಿಜ, ಪರಿಚಯವಿಲ್ಲದ ಗಂಡಸಿನ ಕೈ ಮೈಮೇಲೆ ಓಡಾಡಿದ್ದು ನಿಜ. ಪಾತ್ರದ ಹೆಸರು ಬೇರೆ ಇರಬಹುದು, ಮೈ ಅವಳದೇ. ‘ಅದು ಬರೀ ಆಕ್ಟಿಂಗ್ ಅಂಕಲ್, ನೀವ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀರಿ’ ಎಂದು ನಮ್ಮ ಸಭೆಯ ಯುವಜನರಾದ ನಿಮ್ಮಲ್ಲಿ ಹಲವರು ಕೇಳುತ್ತೀರಿ. ನನಗೆ ಹೇಳಬೇಕಾದದ್ದೆಲ್ಲ ಶುರುವಾಗುವುದೇ ಇಲ್ಲಿಂದ.

‘ಗೇಮ್ ಆಫ್ ಥ್ರೋನ್ಸ್’ ನಿಮಗೆ ಗೊತ್ತು. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2011ರಿಂದ 2019ರವರೆಗೆ ಬಂತು. ಬೆಂಗಳೂರಿನ ಹಾಸ್ಟೆಲುಗಳಲ್ಲಿ ಅದನ್ನು ನೋಡದವರೇ ಕಡಿಮೆ ಎನ್ನುವಷ್ಟು ಹೆಸರು ಮಾಡಿತು. ಅದರ ನಾಯಕಿಯರಲ್ಲಿ ಒಬ್ಬರಾದ ಎಮಿಲಿಯಾ ಕ್ಲಾರ್ಕ್, ಸರಣಿ ಮುಗಿದ ವರ್ಷ ಒಂದು ಪಾಡ್‌ಕಾಸ್ಟಿನಲ್ಲಿ ಮಾತನಾಡಿದರು. ನಟನಾ ಶಾಲೆಯಿಂದ ಆಗಷ್ಟೇ ಹೊರಬಂದಿದ್ದ ಹುಡುಗಿ. ಕೆಲಸ ಒಪ್ಪಿಕೊಂಡ ಮೇಲೆ ಕೈಗೆ ಬಂದ ಸ್ಕ್ರಿಪ್ಟಿನಲ್ಲಿ ಎಷ್ಟು ನಗ್ನ ದೃಶ್ಯಗಳಿವೆ ಎಂಬುದು ತಿಳಿಯಿತಂತೆ. ಬೇಡ ಎನ್ನುವ ಅಧಿಕಾರ ತನಗಿದೆ ಎಂದೇ ಆಗ ಗೊತ್ತಿರಲಿಲ್ಲವಂತೆ. ಬಚ್ಚಲುಮನೆಗೆ ಹೋಗಿ ಅತ್ತು, ಮುಖ ಒರೆಸಿಕೊಂಡು ಬಂದು ಆ ದೃಶ್ಯ ಮಾಡುತ್ತಿದ್ದರಂತೆ. ಮುಂದೆ ಬೇರೆ ಸೆಟ್‌ಗಳಲ್ಲಿ ಹೊದಿಕೆ ಸರಿಸುವುದಿಲ್ಲ ಎಂದು ಹಟ ಹಿಡಿದಾಗ, ನಿನ್ನ ಅಭಿಮಾನಿಗಳಿಗೆ ನಿರಾಸೆ ಮಾಡಬೇಡ ಎಂದು ಒತ್ತಾಯಿಸಿದವರೂ ಇದ್ದರಂತೆ.

ಆ ಅಭಿಮಾನಿಗಳು ಯಾರು, ಯೋಚಿಸಿ. ಯಾವುದೋ ದೇಶದ ಕೆಟ್ಟ ಜನರೇನಲ್ಲ. ಭಾನುವಾರ ಆರಾಧನೆ ಮುಗಿಸಿ ಬಂದು ಮೊಬೈಲ್ ಹಿಡಿದ ನಾವೂ ಆ ಲೆಕ್ಕದಲ್ಲಿದ್ದೇವೆ. ನಾವು ನೋಡುತ್ತೇವೆ ಎಂಬ ಭರವಸೆಯ ಮೇಲೇ ಅವಳನ್ನು ಒತ್ತಾಯ ಮಾಡಿದ್ದು. ಇಂಥ ದೂರುಗಳು ಹೆಚ್ಚಾದ ಮೇಲೆ, 2018ರಲ್ಲಿ, ಅದೇ ವಾಹಿನಿ ತನ್ನ ಎಲ್ಲ ಧಾರಾವಾಹಿಗಳಲ್ಲೂ ಆತ್ಮೀಯ ದೃಶ್ಯಗಳಿಗೆ ‘ಇಂಟಿಮಸಿ ಕೋಆರ್ಡಿನೇಟರ್’ ಇರಬೇಕೆಂದು ನಿಯಮ ಮಾಡಿತು. ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಬಾರದು, ಎಷ್ಟು ತೋರಿಸಬಹುದು ಎಂಬುದನ್ನು ನಟಿಯ ಒಪ್ಪಿಗೆ ಪಡೆದು ಮೊದಲೇ ನಿಗದಿ ಮಾಡುವ ಕೆಲಸ ಅದು. ‘ದ ಡ್ಯೂಸ್’ ಸರಣಿಯ ಎಮಿಲಿ ಮೀಡ್ ಎಂಬ ನಟಿ ಬಾಯಿಬಿಟ್ಟು ಕೇಳಿದ್ದರಿಂದ ಅದು ಬಂತು. ಒಳ್ಳೆಯ ಬದಲಾವಣೆ, ಸಂತೋಷ. ಬರೀ ನಟನೆಯೇ ಆಗಿದ್ದರೆ ಇಂಥ ಕಾವಲು ಯಾಕೆ ಬೇಕಾಗುತ್ತಿತ್ತು ಹೇಳಿ. ಕತ್ತಿವರಸೆಗೆ ತರಬೇತುದಾರ ಇರುತ್ತಾನೆ, ಮೈಗೆ ಪೆಟ್ಟಾಗದಿರಲಿ ಎಂದು. ಇಲ್ಲಿ ಪೆಟ್ಟಾಗುವುದು ಮನಸ್ಸಿಗೆ ಎಂದು ಆ ಉದ್ಯಮವೇ ಒಪ್ಪಿಕೊಂಡಿದೆ.

ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಎಂಬ ಆಜ್ಞೆಯನ್ನು ನಾವೆಲ್ಲ ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೇವೆ. ನನ್ನ ಮಾತು ಇಷ್ಟೇ: ತೆರೆಯ ಮೇಲಿರುವವಳೂ ನಮ್ಮ ನೆರೆಯವಳು. ದೇವರು ತನ್ನ ಸ್ವರೂಪದಲ್ಲಿ ನಿರ್ಮಿಸಿದ ಒಬ್ಬ ವ್ಯಕ್ತಿ. ಅವಳನ್ನು ನೋಡಿ ನನಗೇನಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದಾರೆ. ಅವಳಿಗೇನಾಗುತ್ತದೆ ಎಂದು ಕೇಳಿದವರು ಕಡಿಮೆ.

ಇಲ್ಲಿ ಒಂದು ತಪ್ಪುತಿಳಿವಳಿಕೆ ಆಗಬಾರದು. ದೇಹ ಹೊಲಸು, ಕಾಮ ಹೊಲಸು, ಆದ್ದರಿಂದ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿಕೊಂಡು ಬಂದ ಉಪದೇಶಕರಿದ್ದಾರೆ. ಅದು ಸತ್ಯವೇದದ ಮಾತಲ್ಲ. ಆದಿಕಾಂಡದಲ್ಲಿ ದೇವರು ಗಂಡು ಹೆಣ್ಣನ್ನು ಉಂಟುಮಾಡಿ ಎಲ್ಲವೂ ಬಹಳ ಒಳ್ಳೆಯದೆಂದು ಕಂಡನು. ಪಾಪ ಒಳಗೆ ಬಂದದ್ದು ಆಮೇಲೆ. ಪರಮಗೀತೆ ಎಂಬ ಇಡೀ ಪುಸ್ತಕ ಇಬ್ಬರು ಪ್ರೇಮಿಗಳ ದೇಹದ ಬಯಕೆಯನ್ನು ಸಂಕೋಚವಿಲ್ಲದೆ ಹಾಡುತ್ತದೆ. ನಮ್ಮ ಕರ್ತನು ಮೊದಲ ಸೂಚಕಕಾರ್ಯ ಮಾಡಿದ್ದು ಕಾನಾ ಊರಿನ ಮದುವೆ ಮನೆಯಲ್ಲಿ. ದೇವರೇ ಮಾಂಸಧಾರಿಯಾಗಿ ಬಂದನೆಂದು ನಂಬುವ ನಮಗೆ ಮೈಯನ್ನು ಹೇಸುವ ಹಕ್ಕಿಲ್ಲ. ಹೊಲಸೆಂದು ದೂರ ಇಡುವುದು ಬೇರೆ, ಬೆಲೆಯುಳ್ಳದ್ದೆಂದು ಕಾಪಾಡುವುದು ಬೇರೆ. ಈ ಎರಡನೆಯ ಮಾತನ್ನು ನಮ್ಮ ಮನೆಗಳಲ್ಲಿ, ದೃಢೀಕರಣದ ತರಗತಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಏಳುವ ಪ್ರಶ್ನೆಗಳಿಗೆ ಅಪ್ಪ ಅಮ್ಮ ಸುಮ್ಮನಾಗುತ್ತಾರೆ, ಸಭೆಯ ಅಯ್ಯನವರು ಸುಮ್ಮನಾಗುತ್ತಾರೆ. ಉತ್ತರ ಕೊಡಲು ಟೀವಿ ಮತ್ತು ಮೊಬೈಲು ಮಾತ್ರ ಯಾವಾಗಲೂ ಸಿದ್ಧ.

‘ಸತ್ಯವೇದದಲ್ಲೂ ಇಂಥ ಕಥೆಗಳಿಲ್ಲವೇ’ ಎಂದು ಜಾಣರು ಕೇಳುತ್ತೀರಿ. ಇವೆ, ಧಾರಾಳವಾಗಿ ಇವೆ. ಅವನ್ನು ಅಲ್ಲಿ ಹೇಗೆ ಹೇಳಿದ್ದಾರೆ ನೋಡೋಣ.

ಸಮುವೇಲನ ಎರಡನೆಯ ಪುಸ್ತಕದ ಹನ್ನೊಂದನೆಯ ಅಧ್ಯಾಯ ತೆಗೆಯಿರಿ. ಸೈನ್ಯ ಯುದ್ಧಕ್ಕೆ ಹೋಗಿದೆ, ದಾವೀದ ಅರಮನೆಯಲ್ಲೇ ಉಳಿದಿದ್ದಾನೆ. ಸಂಜೆ ಮಾಳಿಗೆಯ ಮೇಲೆ ತಿರುಗಾಡುವಾಗ ಸ್ನಾನ ಮಾಡುತ್ತಿರುವ ಹೆಂಗಸು ಕಣ್ಣಿಗೆ ಬೀಳುತ್ತಾಳೆ. ಇವತ್ತಿನ ಧಾರಾವಾಹಿಯವರಿಗೆ ಇದು ಸಿಕ್ಕಿದರೆ ಒಂದು ಎಪಿಸೋಡಿನ ಅರ್ಧ ಅಲ್ಲೇ ಕಳೆಯುತ್ತದೆ. ಗ್ರಂಥಕರ್ತ ಅವಳು ಬಹು ಸುಂದರಿ ಎಂಬ ಒಂದು ಮಾತಿಗಿಂತ ಹೆಚ್ಚು ಹೇಳುವುದಿಲ್ಲ. ನೋಡಿದ್ದು, ಕರೆಸಿದ್ದು, ಕೂಡಿದ್ದು, ಅವಳು ಬಸುರಾಗಿ ಹೇಳಿ ಕಳಿಸಿದ್ದು, ಎಲ್ಲ ನಾಲ್ಕು ವಚನಗಳಲ್ಲಿ ಮುಗಿಯುತ್ತದೆ. ಅಧ್ಯಾಯದ ಇಪ್ಪತ್ತೇಳು ವಚನಗಳಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆ ಅವಳ ಗಂಡ ಊರೀಯನ ಕಥೆ: ರಾಜ ಕರೆಸಿ ಕುಡಿಸಿದರೂ ಮನೆಗೆ ಹೋಗದೆ ಬಾಗಿಲಲ್ಲೇ ಮಲಗಿದ ನಿಷ್ಠಾವಂತ ಸಿಪಾಯಿ, ತನ್ನ ಸಾವಿನ ಆಜ್ಞಾಪತ್ರವನ್ನು ತಾನೇ ಸೇನಾಪತಿ ಯೋವಾಬನಿಗೆ ಒಯ್ದು ಕೊಟ್ಟವನು. ಓದುಗನನ್ನು ಮಾಳಿಗೆಯ ಮೇಲೆ ದಾವೀದನ ಪಕ್ಕದಲ್ಲಿ ನಿಲ್ಲಿಸಿ ಇಣುಕಲು ಬಿಡದೆ, ಆ ನೋಟಕ್ಕೆ ಬೆಲೆ ತೆತ್ತವನ ಪಕ್ಕಕ್ಕೆ ಕರೆದೊಯ್ದು ನಿಲ್ಲಿಸುತ್ತಾನೆ. ಬತ್ಷೆಬೆ ಎಂಬ ಆ ಹೆಂಗಸನ್ನು ಮತ್ತೆ ಮತ್ತೆ ಊರೀಯನ ಹೆಂಡತಿ ಎಂದೇ ಕರೆಯುತ್ತಾನೆ. ಎಷ್ಟೋ ಶತಮಾನಗಳ ನಂತರ ಮತ್ತಾಯನು ಯೇಸುಸ್ವಾಮಿಯ ವಂಶಾವಳಿ ಬರೆಯುವಾಗಲೂ ಅವಳನ್ನು ಹಾಗೆಯೇ ನೆನೆಯುತ್ತಾನೆ. ಇವಳು ರಾಜನ ಕಣ್ಣಿಗೆ ಬಿದ್ದ ಒಂದು ಚಂದದ ಮೈ ಮಾತ್ರವಲ್ಲ ಎಂಬುದನ್ನು ಮರೆಯಲು ಆ ಗ್ರಂಥ ಯಾರಿಗೂ ಅವಕಾಶ ಕೊಡುವುದಿಲ್ಲ.

ಮುಂದಿನ ಹದಿಮೂರನೆಯ ಅಧ್ಯಾಯ ಇನ್ನೂ ಕಠಿಣ. ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಕೆಡಿಸುತ್ತಾನೆ. ಅತ್ಯಾಚಾರದ ಕ್ಷಣ ಒಂದೇ ವಾಕ್ಯ. ಅದಕ್ಕೆ ಮೊದಲು ತಾಮಾರ್ ಬೇಡಿಕೊಂಡ ಮಾತುಗಳು ಮಾತ್ರ ಪೂರ್ತಿಯಾಗಿ ಬರುತ್ತವೆ: ಇಂಥದ್ದು ಇಸ್ರಾಯೇಲಿನಲ್ಲಿ ನಡೆಯಬಾರದು, ನನ್ನ ಅವಮಾನವನ್ನು ಹೊತ್ತು ನಾನು ಎಲ್ಲಿಗೆ ಹೋಗಲಿ ಎಂದು. ಆಮೇಲೆ ಅಮ್ನೋನನ ಮೊದಲಿದ್ದ ಮೋಹಕ್ಕಿಂತಲೂ ಈಗಿನ ದ್ವೇಷ ದೊಡ್ಡದಾಯಿತು ಎಂದು ಬರುತ್ತದೆ. ಮನುಷ್ಯರನ್ನು ಬಳಸಿ ಬಿಸಾಡುವ ಆಸೆಯ ಒಳಗುಟ್ಟು ಇದರಷ್ಟು ಸ್ಪಷ್ಟವಾಗಿ ಹೊರಬಿದ್ದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಬೂದಿ ಸುರಿದುಕೊಂಡು, ನಿಲುವಂಗಿ ಹರಿದುಕೊಂಡು ಕೂಗುತ್ತ ಹೋಗುವ ತಾಮಾರಳನ್ನು ಓದಿದ ಯಾವ ಹುಡುಗನಿಗೂ ಕಾಮ ಕೆರಳುವುದಿಲ್ಲ. ಕಣ್ಣೀರು ಬಂದೀತು, ಸಿಟ್ಟು ಬಂದೀತು. ಹಾಗಾಗಿ ಒಂದು ಕಥೆಯಲ್ಲಿ ಲೈಂಗಿಕ ವಿಷಯ ಇದೆಯೇ ಎಂದು ನಾನು ಕೇಳುವುದಿಲ್ಲ. ಆ ಕಥೆ ನನ್ನನ್ನು ಯಾರ ಪಕ್ಕದಲ್ಲಿ ಕೂರಿಸುತ್ತಿದೆ ಎಂದು ಕೇಳುತ್ತೇನೆ. ನೀವೂ ಹಾಗೆ ಕೇಳಿ ನೋಡಿ. ಎಷ್ಟೋ ಕಾರ್ಯಕ್ರಮಗಳ ಬಣ್ಣ ಅಲ್ಲೇ ಬಯಲಾಗುತ್ತದೆ.

ಬೆತ್ತಲೆ ದೃಶ್ಯ ಇಂಗ್ಲಿಷ್ ಸರಣಿಗಳದ್ದು, ನಮ್ಮ ಕನ್ನಡ ವಾಹಿನಿಗಳಲ್ಲಿ ಅದೆಲ್ಲ ಇಲ್ಲ ಎಂದು ದೊಡ್ಡವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಕೂತು ನೋಡುವ ಕಾಮಿಡಿ ಕಾರ್ಯಕ್ರಮಗಳಲ್ಲಿ ಡಬಲ್ ಮೀನಿಂಗ್ ಮಾತು ಬಂದಾಗ ಹಿರಿಯರು ಕೇಳಿಸದವರಂತೆ ನಗುತ್ತಾರೆ, ಚಿಕ್ಕವರು ಅರ್ಥವಾಗದವರಂತೆ ನಗುತ್ತಾರೆ. ಇನ್ನು ಡ್ಯಾನ್ಸ್ ರಿಯಾಲಿಟಿ ಶೋಗಳು. ಏಳೆಂಟು ವರ್ಷದ ಮಗು ಐಟಂ ಸಾಂಗಿಗೆ ಸೊಂಟ ಕುಣಿಸುತ್ತದೆ, ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ತಾಯಿ ಆನಂದಬಾಷ್ಪ ಒರೆಸಿಕೊಳ್ಳುತ್ತಾಳೆ. ಮಕ್ಕಳನ್ನು ಹೀಗೆ ಅಸಭ್ಯವಾಗಿ, ಅವರ ವಯಸ್ಸಿಗೆ ತಕ್ಕುದಲ್ಲದ ರೀತಿಯಲ್ಲಿ ತೋರಿಸಬೇಡಿ ಎಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ 2019ರ ಜೂನ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಕಳಿಸಬೇಕಾಯಿತು. ಸರ್ಕಾರಕ್ಕೆ ಕಂಡದ್ದು ನಮ್ಮ ಮನೆಗಳಿಗೆ ಕಾಣಲಿಲ್ಲವೇ? ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಇದೇ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಾಕಕೂಡದೆಂದು ಸೂಚಿಸಿತ್ತು. ಆ ಜಾಹೀರಾತುಗಳಲ್ಲಿ ಬಹಳಷ್ಟು ಅಸಹ್ಯವಾಗಿದ್ದವು, ಒಪ್ಪುತ್ತೇನೆ. ಮಗುವಿನ ಸೊಂಟ ಮಾತ್ರ ಸಂಜೆ ಎಂಟಕ್ಕೆ ಕುಣಿಯುತ್ತಲೇ ಇತ್ತಲ್ಲ, ಅದು ನನಗೆ ಇನ್ನೂ ನೋವು ಕೊಡುವ ಸಂಗತಿ.

ಇದರ ಜೊತೆಗೇ ಇನ್ನೊಂದಿದೆ. ನಾಯಕ ನಾಯಕಿಯ ಬೆನ್ನು ಬೀಳುತ್ತಾನೆ, ದಾರಿ ಅಡ್ಡಗಟ್ಟುತ್ತಾನೆ, ಅವಳು ಹತ್ತು ಸಲ ಬೇಡ ಎಂದರೂ ಬಿಡುವುದಿಲ್ಲ, ಹನ್ನೊಂದನೆಯ ಸಲ ಅವಳಿಗೆ ಪ್ರೀತಿ ಹುಟ್ಟುತ್ತದೆ. ಇಲ್ಲಿ ಒಂದು ಗುಂಡಿಯೂ ಬಿಚ್ಚಿಲ್ಲ, ಸೆನ್ಸಾರಿನ ಕತ್ತರಿಗೆ ಸಿಗುವಂಥದ್ದು ಏನೂ ಇಲ್ಲ. ಆದರೆ ಹುಡುಗರ ತಲೆಯಲ್ಲಿ ಕೂತುಬಿಡುವ ಪಾಠ ಯಾವ ನಗ್ನ ದೃಶ್ಯಕ್ಕಿಂತಲೂ ಕಡಿಮೆ ಅಪಾಯದ್ದಲ್ಲ. ತಮ್ಮಂದಿರೇ, ಹೆಣ್ಣುಮಗಳು ಬೇಡ ಎಂದರೆ ಅದರ ಅರ್ಥ ಬೇಡ.

ಸೆನ್ಸಾರಿನ ಮಾತು ಬಂತು. ಕತ್ತರಿ ಹರಿತ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವ ವಿಶ್ವಾಸಿಗಳು ಬಹಳ. ನನಗೆ ಆ ನಂಬಿಕೆ ಇಲ್ಲ. ಅಮೆರಿಕದ ಚಿತ್ರರಂಗಕ್ಕೆ 1930ರಲ್ಲಿ ಬಂದ ‘ಹೇಸ್ ಕೋಡ್’ ಎಂಬ ನಿಯಮಾವಳಿ ಬರೆಯುವುದರಲ್ಲಿ ಡೇನಿಯಲ್ ಲಾರ್ಡ್ ಎಂಬ ಜೆಸುಯಿಟ್ ಪಾದ್ರಿಯ ಕೈಯಿತ್ತು. 1934ರಿಂದ ಅದನ್ನು ಬಿಗಿಯಾಗಿ ಜಾರಿ ಮಾಡಿದರು. ಟೀವಿ ಬಂದ ಮೇಲೂ ಅದೇ ಗಾಳಿ. ‘ಐ ಲವ್ ಲೂಸಿ’ ಎಂಬ ಜನಪ್ರಿಯ ಧಾರಾವಾಹಿಯ ನಟಿ 1952ರಲ್ಲಿ ನಿಜವಾಗಿಯೇ ಗರ್ಭಿಣಿಯಾಗಿದ್ದರು, ಕಥೆಯಲ್ಲೂ ಗರ್ಭಿಣಿ. ಆದರೂ ಬಸುರಿ ಎಂಬ ಪದವನ್ನು ನೇರವಾಗಿ ಬಳಸುವಂತಿರಲಿಲ್ಲ. ಒಬ್ಬ ಕಥೋಲಿಕ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯೆಹೂದಿ ರಬ್ಬಿ ಕೂತು ಸ್ಕ್ರಿಪ್ಟ್ ಪರಿಶೀಲಿಸುತ್ತಿದ್ದರು. ಅಷ್ಟೆಲ್ಲ ಎಚ್ಚರ ವಹಿಸಿದ ಆ ಕಾಲದ ಹೇಸ್ ಕೋಡ್‌ನಲ್ಲೇ ಬಿಳಿಯರು ಮತ್ತು ಕರಿಯರ ನಡುವಿನ ಪ್ರೇಮವನ್ನು ತೋರಿಸಕೂಡದೆಂಬ ನಿಷೇಧವೂ ಇತ್ತು. ದೇವರ ಸ್ವರೂಪದಲ್ಲಿ ನಿರ್ಮಿತರಾದ ಜನರನ್ನೇ ಅವಮಾನಿಸುವ ನಿಯಮವನ್ನು ಸಭ್ಯತೆಯ ಹೆಸರಿನಲ್ಲೇ ಕಾಪಾಡಿದರು. ಕೊನೆಗೆ 1968ರಲ್ಲಿ ಆ ಕೋಡ್ ಹೋಗಿ ವಯಸ್ಸಿನ ಗುರುತುಗಳು ಬಂದವು. ಕಾನೂನು ಬೇಕು, ಅದರಲ್ಲೂ ಮಕ್ಕಳನ್ನು ಕಾಯಲು ಬೇಕೇ ಬೇಕು. ಆದರೆ ಪಾದ್ರಿಯೇ ಪಕ್ಕದಲ್ಲಿ ಕೂತರೂ ಕತ್ತರಿಯಿಂದ ಹೃದಯ ಶುದ್ಧವಾಗಲಿಲ್ಲ ಎಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು.

ನಮ್ಮಲ್ಲೂ 2021ರ ನಿಯಮಗಳ ಪ್ರಕಾರ ಒಟಿಟಿಯವರು ಪ್ರತಿ ಕಾರ್ಯಕ್ರಮಕ್ಕೂ ವಯಸ್ಸಿನ ಗುರುತು ಹಾಕಬೇಕು: ಎಲ್ಲರೂ ನೋಡಬಹುದಾದ ಯು, ಆಮೇಲೆ ಯು/ಎ 7+, 13+, 16+, ಕೊನೆಗೆ ಎ. 13+ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಬೇಕು. ಏನೇನಿದೆ ಎಂಬ ಸೂಚನೆ ಕೂಡ ಪರದೆಯ ಮೇಲೆ ಬರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಹದಿನೆಂಟು ತುಂಬಿದ ದಿನ ಬೀಗ ತೆಗೆಯುತ್ತದೆ. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು, ನಿಮ್ಮದು ಶುರುವಾಗುವುದು ಅಲ್ಲಿಂದ.

‘ನನಗೇನೂ ಆಗುವುದಿಲ್ಲ, ನನ್ನ ಮನಸ್ಸು ಗಟ್ಟಿ’ ಎನ್ನುವವರಿಗೆ ಅಲಿಪಿಯಸ್‌ನ ಕಥೆ ಹೇಳುತ್ತೇನೆ. ಸಭಾಪಿತೃ ಆಗಸ್ಟೀನನು ಕ್ರಿ.ಶ. 400ರ ಆಸುಪಾಸಿನಲ್ಲಿ ಬರೆದ ‘ಕನ್ಫೆಷನ್ಸ್’ ಗ್ರಂಥದ ಆರನೆಯ ಭಾಗದಲ್ಲಿ ಅದಿದೆ. ಅಲಿಪಿಯಸ್ ಅವನ ಜೀವದ ಗೆಳೆಯ, ಕಾನೂನು ಓದಲು ರೋಮ್‌ಗೆ ಹೋದವನು. ಮನುಷ್ಯರನ್ನು ಕಾದಾಡಿಸಿ ಕೊಲ್ಲಿಸುವ ಗ್ಲಾಡಿಯೇಟರ್ ಆಟಗಳೆಂದರೆ ಅವನಿಗೆ ಹೇಸಿಗೆ. ಒಂದು ದಿನ ಊಟ ಮುಗಿಸಿ ಬರುತ್ತಿದ್ದ ಸಹಪಾಠಿಗಳು ದಾರಿಯಲ್ಲಿ ಸಿಕ್ಕಿ, ಸಲುಗೆಯಿಂದಲೇ ಅವನನ್ನು ಎಳೆದುಕೊಂಡು ಹೋದರು. ಮೈಯನ್ನು ಎಳೆದೊಯ್ಯಬಹುದು, ಕಣ್ಣು ಮನಸ್ಸು ನಿಮ್ಮ ಕೈಯಲ್ಲಿಲ್ಲ ಎಂದು ಅವನು ಕಣ್ಣು ಮುಚ್ಚಿ ಕೂತ. ಕಿವಿ ಮುಚ್ಚಲಿಲ್ಲ. ಕಣದಲ್ಲಿ ಯಾರೋ ಬಿದ್ದಾಗ ಜನ ಹೋ ಎಂದು ಅರಚಿದರು. ಏನೇ ಇರಲಿ, ನೋಡಿ ತಿರಸ್ಕರಿಸುತ್ತೇನೆ ಎಂದುಕೊಂಡು ಕಣ್ಣು ಬಿಟ್ಟ. ಅಷ್ಟೇ. ಮತ್ತೆ ಮುಚ್ಚಲಾಗಲಿಲ್ಲ. ಬಂದಾಗ ಇದ್ದ ಮನುಷ್ಯ ಹೋಗಿಬಿಟ್ಟ. ಕಿರುಚುವವರಲ್ಲಿ ತಾನೂ ಒಬ್ಬನಾದ. ಮುಂದೆ ತಾನೇ ಬೇರೆಯವರನ್ನು ಎಳೆದುಕೊಂಡು ಹೋಗುವವನಾದ.

ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಕಥೆಯನ್ನು ಓದುವಾಗ ಇವತ್ತಿನ ಹಾಸ್ಟೆಲಿನ ರೂಮು ನನ್ನ ಕಣ್ಣಿಗೆ ಕಟ್ಟುತ್ತದೆ. ಅದೇ ಗೆಳೆಯರು, ಅದೇ ಸಲುಗೆ, ‘ಒಂದೇ ಎಪಿಸೋಡು ಮಾರಾಯ’ ಎಂಬ ಅದೇ ಒತ್ತಾಯ. ಇವತ್ತಿನ ಆ್ಯಪ್‌ಗಳಿಗೆ ಗೆಳೆಯರೂ ಬೇಕಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಯಾವುದರ ಮೇಲೆ ನಿಮ್ಮ ಬೆರಳು ನಿಂತಿತು ಎಂದು ನೆನಪಿಟ್ಟುಕೊಂಡು ಅಂಥದ್ದೇ ಇನ್ನಷ್ಟನ್ನು ಮುಂದೆ ಹಿಡಿಯುತ್ತವೆ. ಅಲಿಪಿಯಸ್ ಬಿದ್ದದ್ದು ದುಷ್ಟನಾಗಿದ್ದುದರಿಂದ ಅಲ್ಲ, ದೇವರನ್ನು ಬಿಟ್ಟು ತನ್ನ ಗಟ್ಟಿತನವನ್ನು ನಂಬಿದ್ದರಿಂದ ಎನ್ನುತ್ತಾನೆ ಆಗಸ್ಟೀನ್. ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವನು 387ರಲ್ಲಿ ಮಿಲಾನ್‌ನಲ್ಲಿ ಆಗಸ್ಟೀನನ ಜೊತೆಗೇ ದೀಕ್ಷಾಸ್ನಾನ ಹೊಂದಿದ, ಮುಂದೆ ತನ್ನ ಹುಟ್ಟೂರಾದ ತಗಾಸ್ತೆಯಲ್ಲಿ ಬಿಷಪನಾದ.

ನಿಮ್ಮಲ್ಲಿ ಕೆಲವರ ಮದುವೆ ಮಾತುಕತೆ ನಡೆಯುತ್ತಿದೆ. ತೆರೆಯ ಮೇಲಿನ ಹಾಸಿಗೆಯಲ್ಲಿ ಯಾರಿಗೂ ಆಯಾಸವಿಲ್ಲ, ಮುಟ್ಟಿನ ನೋವಿಲ್ಲ, ನಾಚಿಕೆಯಿಲ್ಲ, ಬೆಳಿಗ್ಗೆ ಎದ್ದು ನೀರು ಹಿಡಿಯುವ ಕೆಲಸವಿಲ್ಲ. ಬಸಿರು ಬಾಣಂತನದ ನಂತರದ ಹೊಟ್ಟೆ ಅಲ್ಲಿ ಯಾರಿಗೂ ಇರುವುದಿಲ್ಲ. ಬೆಳಕು, ಮೇಕಪ್ಪು, ಆರು ಸಲ ತೆಗೆದ ಶಾಟ್ ಸೇರಿ ಆದ ಆ ಮೈಯನ್ನು ಅಳತೆಗೋಲು ಮಾಡಿಕೊಂಡ ಹುಡುಗ ಕಟ್ಟಿಕೊಂಡ ಹೆಂಡತಿಯಲ್ಲಿ ಕೊರತೆಯನ್ನೇ ಕಾಣುತ್ತಾನೆ. ಅದೇ ಅಳತೆಗೋಲನ್ನು ಹುಡುಗಿ ತನಗೇ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತು ಕುಗ್ಗುತ್ತಾಳೆ. ತಂಗಿಯರೇ, ಈ ಮಾತು ವಿಶೇಷವಾಗಿ ನಿಮಗೆ. ಹುಡುಗರಿಗಷ್ಟೇ ಈ ಸೆಳೆತ ಎಂದು ಸಭೆಯಲ್ಲಿ ಹೇಳುವುದನ್ನು ಕೇಳಿ ನಿಮ್ಮ ಹೋರಾಟವನ್ನು ಒಳಗೇ ನುಂಗಿಕೊಂಡವರಿದ್ದೀರಿ. ಹಾಗೆ ನುಂಗಿಕೊಳ್ಳಬೇಡಿ. ದಂಪತಿಗಳು ಒಬ್ಬರ ಮೈಯನ್ನು ಒಬ್ಬರು ತಿಳಿದುಕೊಳ್ಳಲು ವರ್ಷಗಳು ಬೇಕು, ತಾಳ್ಮೆ ಬೇಕು, ನಗುವೂ ಬೇಕು. ಕಾಯಿಲೆ ಬಿದ್ದ ಗಂಡನ ಮೈ ಒರೆಸುವ ಹೆಂಡತಿಯ ಕೈಯಲ್ಲೂ ಅದೇ ಪ್ರೀತಿ ಇರುತ್ತದೆ. ತೆರೆಗೆ ಅದನ್ನು ತೋರಿಸುವ ವ್ಯವಧಾನವಿಲ್ಲ.

ಈಗ, ಇದನ್ನೆಲ್ಲ ಓದುತ್ತ ತಲೆ ತಗ್ಗಿಸಿದವರೊಂದಿಗೆ ಎರಡು ಮಾತು. ನೋಡಿದ್ದೀರಿ, ಬಿಡುತ್ತೇನೆಂದು ಪ್ರಾರ್ಥನೆಯಲ್ಲಿ ಮಾತು ಕೊಟ್ಟಿದ್ದೀರಿ, ಮತ್ತೆ ನೋಡಿದ್ದೀರಿ. ನಾನು ಯೋಗ್ಯನಲ್ಲ ಎಂದು ಕರ್ತನ ಭೋಜನದಿಂದ ಹಿಂದೆ ಸರಿದು ಕೂರುತ್ತೀರಿ. ಆದರೆ ಸುವಾರ್ತೆಯಲ್ಲಿ, ವ್ಯಭಿಚಾರದಲ್ಲಿ ಹಿಡಿದು ತಂದ ಹೆಂಗಸಿನ ಮುಂದೆ ಕಲ್ಲು ಹಿಡಿದು ನಿಂತವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು, ಉಳಿದವನು ಯೇಸುಸ್ವಾಮಿ ಒಬ್ಬನೇ. ಅವಳಿಗೆ ಶಿಕ್ಷೆ ವಿಧಿಸಲಿಲ್ಲ, ಇನ್ನು ಮುಂದೆ ಬೇರೆ ರೀತಿ ಬದುಕಲು ಹೇಳಿ ಕಳಿಸಿದನು. ಈ ಎರಡರಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳುವವರು ಅವನನ್ನು ಪೂರ್ತಿ ಕೇಳಿಸಿಕೊಂಡಿಲ್ಲ.

ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ಆಟೋಪ್ಲೇ ಆಫ್ ಮಾಡಿ. ಧಾರಾವಾಹಿ ನೋಡುವುದಿದ್ದರೆ ಹಾಲ್‌ನಲ್ಲಿ, ನಾಲ್ಕು ಜನರ ನಡುವೆ ನೋಡಿ. ಬೇಸರ, ಒಂಟಿತನ, ಪರೀಕ್ಷೆಯ ಭಯ ಇವೇ ಹೆಚ್ಚಾಗಿ ಅತ್ತ ತಳ್ಳುವುದು. ಆ ಹೊತ್ತು ಯಾರಿಗಾದರೂ ಫೋನ್ ಮಾಡಿ. ಗುಟ್ಟಾಗಿ ಇಟ್ಟಷ್ಟೂ ಇದರ ಬಲ ಹೆಚ್ಚು, ಆದ್ದರಿಂದ ನಂಬಿಕೆಯ ಒಬ್ಬರಿಗಾದರೂ ಹೇಳಿಕೊಳ್ಳಿ. ಅಯ್ಯನವರ ಹತ್ತಿರ ಹೇಳಲು ಸಂಕೋಚವಾದರೆ ಅವರ ಮನೆಯ ಅಮ್ಮನವರಿದ್ದಾರೆ, ಯುವಜನ ಸಂಘದ ಹಿರಿಯರಿದ್ದಾರೆ. ಪ್ರಾರ್ಥನೆ ಮಾಡಿಯೂ ಕೈಮೀರಿದೆ ಎನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ಮೊಬೈಲು, ಇಂಟರ್ನೆಟ್ಟಿನ ಹಿಡಿತಕ್ಕೆ ಸಿಕ್ಕವರಿಗೆ ಅಲ್ಲಿ ನೆರವು ಕೊಡುತ್ತಾರೆ. ಅಲ್ಲಿಗೆ ಹೋದರೆ ವಿಶ್ವಾಸ ಕಡಿಮೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ವೈದ್ಯರ ಕೈಯಲ್ಲೂ ದೇವರು ಕೆಲಸ ಮಾಡುತ್ತಾನೆ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನಗೆ ಹೇಳಿ, ಜೊತೆಗೆ ನಾನು ಬರುತ್ತೇನೆ.